ಕೊಯ್ಯುವ ಮುಂಚೆ ಕೇಳಿ

ಬೆಂಗಳೂರಿನ ಶ್ರೀನಗರ ಬಸ್ ನಿಲ್ದಾಣದಿಂದ ಹನುಮಂತನಗರದ ಕಡೆಗೆ ಒಳರಸ್ತೆಗಳಲ್ಲಿ ನಡೆಯಿರಿ. ಹಳೆಯ ಮನೆಗಳ ಮೆಟ್ಟಿಲ ಕೆಳಗೆ ಕಪ್ಪು ಬಣ್ಣದ ಒಂದು ಅಟ್ಲಾಸೋ ಹರ್ಕ್ಯುಲಿಸ್ಸೋ ಇನ್ನೂ ಗೋಡೆಗೊರಗಿ ನಿಂತಿರುತ್ತದೆ. ಬಿನ್ನಿ ಮಿಲ್ಲಿನ ಪಾಳಿಗೆ ಹೋದದ್ದು, ಬೆಳಗಿನ ಜಾವ ಮನೆಮನೆಗೆ ಹಾಲು ಹಾಕಿದ್ದು, ಮಾರ್ಕೆಟ್ಟಿನಿಂದ ಮೂಟೆ ಹೊತ್ತದ್ದು ಇಂಥ ಸೈಕಲ್ಲುಗಳೇ. ಈ ಊರು ಬೆಳೆದದ್ದು ಇವುಗಳ ಕ್ಯಾರಿಯರ್ ಮೇಲೆ.

ಇವತ್ತು ಅದನ್ನು ರಿಪೇರಿಗೆ ತಳ್ಳಿಕೊಂಡು ಹೋಗಿ ನೋಡಿ. ‘ಸೀಟ್ ಪೈಪು ಜಾಮ್ ಆಗಿದೆ’ ಅನ್ನುತ್ತಾರೆ. ಮೊದಲು ಸುತ್ತಿಗೆ, ಅದಕ್ಕೂ ಜಗ್ಗದಿದ್ದರೆ ಕಟಿಂಗ್ ಮಿಷನ್. ಹಾಗೆ ಕೊಯ್ದು ಕೈಗಿತ್ತ ಫ್ರೇಮೊಂದು ನಮ್ಮ ಮನೆಯಲ್ಲೂ ಇದೆ. ‘ತುಕ್ಕು ಸಾರ್, ಬೇರೆ ದಾರಿ ಇರಲಿಲ್ಲ’ ಎಂದರು. ಸುಳ್ಳು! ದಾರಿ ಇತ್ತು. ಅದಕ್ಕೆ ಎರಡು ದಿನ ಬೇಕಿತ್ತು, ಅಷ್ಟೇ.

ಕಬ್ಬಿಣದ ಪೈಪು ಕಬ್ಬಿಣದ ಫ್ರೇಮಿನಲ್ಲಿ ಕಚ್ಚಿಕೊಂಡಿದ್ದರೆ ಸೈಕಲ್ಲನ್ನು ತಲೆಕೆಳಗೆ ಮಾಡಿ, ಕ್ರ್ಯಾಂಕಿನ ಆ್ಯಕ್ಸಲ್ ಕೂರುವ ಬಿ.ಬಿ. (ಬಾಟಮ್ ಬ್ರ್ಯಾಕೆಟ್) ಬಿಚ್ಚಿ, ಆ ಕಡೆಯಿಂದ ತುಕ್ಕು ಬಿಡಿಸುವ ಎಣ್ಣೆ ಇಳಿಬಿಡಬೇಕು. ದಿನಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ವೈಸಿನಲ್ಲಿ ಹಿಡಿಯಬೇಕಾದ್ದು ಸೀಟ್ ಪೈಪನ್ನು, ಫ್ರೇಮನ್ನಲ್ಲ. ತೆಳುವಾದ ಫ್ರೇಮ್ ಪೈಪನ್ನು ವೈಸಿಗೆ ಕೊಟ್ಟರೆ ಅಪ್ಪಚ್ಚಿ. ಪೈಪನ್ನು ಬಿಗಿದು ಇಡೀ ಫ್ರೇಮನ್ನೇ ಅತ್ತಿತ್ತ ತಿರುವಿದರೆ ಅಷ್ಟುದ್ದದ ಫ್ರೇಮೇ ಸನ್ನೆಗೋಲಾಗುತ್ತದೆ.

ಪೈಪು ಅಲ್ಯೂಮಿನಿಯಮ್ಮಿನದಾದರೆ ಲೆಕ್ಕ ಬೇರೆ. ಬಿಸಿಗೆ ಅದು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೆ ಬೆಂಕಿ ಹಿಡಿಯುವವನು ತಾನೇ ಬಿಗಿ ಮಾಡುತ್ತಿರುತ್ತಾನೆ. ಅಲ್ಲಿ ಬೇಕಾದ್ದು ಐಸು. ಬಿಸಿ ಮಾಡಲೇಬೇಕಾದ ಕಡೆಯೂ ಫ್ರೇಮನ್ನು ಕೆಂಪಗೆ ಕಾಯಿಸಿದರೆ ಮೊದಲು ಬಣ್ಣ ಸಾಯುತ್ತದೆ, ಆಮೇಲೆ ಹಿತ್ತಾಳೆ ಬೆಸುಗೆಯ ಜಾಯಿಂಟಿಗೆ ಅಪಾಯ.

ಕ್ರ್ಯಾಂಕನ್ನು ಆ್ಯಕ್ಸಲಿಗೆ ಬಿಗಿಯುವ ಕಾಟರ್ ಪಿನ್ನಿಗೆ ಬೀಳುವ ಏಟುಗಳನ್ನು ನೋಡಿದರೆ ಮೈ ಉರಿಯುತ್ತದೆ. ಕ್ರ್ಯಾಂಕಿನ ಕೆಳಗೆ ಆಸರೆಯಿಲ್ಲದೆ ಹೊಡೆದ ಪ್ರತಿ ಏಟೂ ಒಳಗಿನ ಗುಂಡುಗಳ ಮೇಲೆ, ಕಪ್ಪಿನ ಮೇಲೆ ಬೀಳುತ್ತದೆ. ನೆಲಕ್ಕೆ ನಿಲ್ಲುವ ಗಟ್ಟಿ ಪೈಪೊಂದನ್ನು ಕ್ರ್ಯಾಂಕಿಗೆ ಆನಿಸಿ, ನಟ್ಟನ್ನು ಪಿನ್ನಿನ ತುದಿಯ ಮಟ್ಟಕ್ಕೆ ತಂದು, ನೇರವಾಗಿ ಒಂದು ಬಲವಾದ ಏಟು ಹಾಕಬೇಕು. ಪಿನ್ನಿಗೆ ಕೆಲವೇ ರೂಪಾಯಿ. ಅದನ್ನು ತೆಗೆಯಲು ಆ್ಯಕ್ಸಲನ್ನೇ ಬಲಿ ಕೊಡುತ್ತಾರೆ.

ಇನ್ನೂ ನಾಚಿಕೆಗೇಡಿನ ಸಂಗತಿ ಇದು: ಎಡ ಪೆಡಲಿನದು ಉಲ್ಟಾ ಮರೆ (ಥ್ರೆಡ್). ಈ ಹಳೆಯ ಸೈಕಲ್ಲುಗಳಲ್ಲಿ ಚೈನಿರುವ ಬಲಬದಿಯ ಬಿ.ಬಿ. ಕಪ್ಪಿನದೂ ಉಲ್ಟಾ. ಎರಡೂ ಬಿಚ್ಚುವುದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಇಷ್ಟು ಕಲಿಯದೆ ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಬಿಗಿಯುವ ದಿಕ್ಕಿಗೇ ಜಗ್ಗಿ, ಮರೆ ಹಾಳುಮಾಡಿ, ತುಕ್ಕನ್ನು ಬೈಯುತ್ತಾರೆ!

ಬೈಗುಳವನ್ನು ಸ್ಪ್ಯಾನರ್ ಹಿಡಿದ ಹುಡುಗನ ತಲೆಗೇ ಕಟ್ಟುವುದೂ ಅನ್ಯಾಯ. ಅವನಿಗೆ ಕಲಿಸಿದವರು ಯಾರು? ನೆನೆಯಲು ಬಿಟ್ಟ ಎರಡು ದಿನಕ್ಕೆ ಅವನಿಗೆ ಕೂಲಿ ಕೊಡುವವರು ಯಾರು? ಹೊಸ ಸೈಕಲ್ ಮಾರುವ ಮಾಲೀಕನಿಗೆ ಹಳೆಯದು ಉಳಿಯುವುದು ಲಾಭವಲ್ಲ. ಐವತ್ತು ರೂಪಾಯಿ ಹೆಚ್ಚು ಕೇಳಿದರೆ ಚೌಕಾಸಿಗೆ ನಿಲ್ಲುವ ನಾವು ‘ಇವತ್ತೇ ಬೇಕು’ ಅನ್ನುತ್ತೇವೆ. ಸರ್ಕಾರವೂ ಕಡಿಮೆಯಿಲ್ಲ. 2022ರಲ್ಲಿ ಕೇಂದ್ರ ‘ರಿಪೇರಿಯ ಹಕ್ಕು’ ಎಂದು ಸಮಿತಿ ಮಾಡಿ ಕೃಷಿ ಉಪಕರಣ, ಮೊಬೈಲು, ಗೃಹಬಳಕೆಯ ಸಾಮಾನು, ಮೋಟಾರು ವಾಹನ ಎಂದು ಕ್ಷೇತ್ರಗಳನ್ನು ಹೆಸರಿಸಿತು. ಬಡವನ ಸೈಕಲ್ಲಿಗೆ ಅಲ್ಲಿ ತನ್ನದೇ ಒಂದು ಸಾಲು ಸಿಗಲಿಲ್ಲ. 2006-07ರಲ್ಲಿ ಕರ್ನಾಟಕ ಶಾಲಾಮಕ್ಕಳಿಗೆ ಉಚಿತ ಸೈಕಲ್ ಹಂಚತೊಡಗಿತು, ಸಂತೋಷ. ರಿಪೇರಿ ಕಲಿಸುವ ಒಂದು ಪಾಠವನ್ನೂ ಜೊತೆಗೆ ಕೊಡಬೇಕಿತ್ತು.

‘ಹೋದರೆ ಹೋಯಿತು, ಹೊಸದು ತಗೊಳ್ಳಿ’ ಅನ್ನುವವರಿಗೆ ಒಂದು ಮಾತು. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಅಟ್ಲಾಸ್ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ನೀವು ಕೊಯ್ದ ಆ ಹಳೆಯ ಫ್ರೇಮನ್ನು ಮತ್ತೆ ಯಾರೂ ಮಾಡಿಕೊಡುವುದಿಲ್ಲ.

ಆದ್ದರಿಂದ ಸೈಕಲ್ಲನ್ನು ಅಂಗಡಿಗೆ ಬಿಡುವಾಗ ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿ: ‘ಕೊಯ್ಯುವ ಮುಂಚೆ ನನ್ನನ್ನು ಕೇಳಿ.’ ಕಾಯುವ ದಿನಗಳಿಗೂ ಕೂಲಿ ಕೊಡುತ್ತೇನೆಂದು ಬಾಯಿಬಿಟ್ಟು ಹೇಳಿ. ಅದಕ್ಕೂ ಒಪ್ಪದ ಅಂಗಡಿಯಿಂದ ಸೈಕಲ್ಲನ್ನು ವಾಪಸು ತಳ್ಳಿಕೊಂಡು ಬನ್ನಿ.