ತರಗು ಬೆಂಕಿಯನ್ನು ನಂದಿಸಿದ ಮೇಲೆ ಎಂಥ ಅಧ್ಯಾತ್ಮ?

ಅರಣ್ಯದಲ್ಲಿ ಅಧ್ಯಾತ್ಮವನ್ನು ಅರಸುವುದು ಈಗೊಂದು ವ್ಯವಹಾರವಾಗಿ ಬೆಳೆದಿದೆ. ಮೂರು ದಿನಗಳ ಶಿಬಿರ, ಬರಿಗಾಲ ನಡಿಗೆ, ಮರವನ್ನು ತಬ್ಬಿ ಕಣ್ಮುಚ್ಚುವ ಮೌನ, ಕೊನೆಯ ಸಂಜೆಗೊಂದು ‘ಆದಿವಾಸಿ ನೃತ್ಯ’. ದಣಿದ ನಗರವಾಸಿ ಮರದ ನೆರಳಿಗೆ ಬಂದರೆ ಬೇಡವೆನ್ನುವವರಾರು? ಆದರೆ ಪೂರ್ವಿಕರ ಭೂಪೂಜೆಯನ್ನು ಮನಶ್ಶಾಂತಿಯ ಮದ್ದೆಂದು ಮಾರುವವರು, ಆ ಪೂಜೆಯನ್ನು ಇಂದಿಗೂ ನಡೆಸಿಕೊಂಡು ಬಂದಿರುವ ಜನರ ಹಕ್ಕಿನ ಪ್ರಶ್ನೆ ಎದ್ದೊಡನೆ ಮೂಕರಾಗುವುದನ್ನು ಮಾತ್ರ ಸಹಿಸಲಾಗದು.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನೇ ನೋಡಬಹುದು. ಅವರ ಕುಲಗಳಿಗೆ ಕಾಡಿನಲ್ಲಿ ಗೊತ್ತುಪಡಿಸಿದ ‘ಯೆಲ್ಲೆ’ಗಳಿವೆ. ದೇವರು, ಮಾರಮ್ಮ, ವೀರು, ಹಿರಿಯರ ಕಲ್ಲುಗುಡಿ, ಅಬ್ಬಿ ಎಂಬ ನೆಲೆಗಳು ಯೆಲ್ಲೆಯೊಳಗೇ ಇರುತ್ತವೆ. ಅಬ್ಬಿಯೆಂದರೆ ನೀರಿನ ಸೆಲೆ, ಅದೂ ಪೂಜ್ಯವೇ. ಶತಮಾನಗಳನ್ನು ಕಂಡ ದೊಡ್ಡಸಂಪಿಗೆ ಮರ ಅವರಿಗೆ ಸಾಕ್ಷಾತ್ ದೈವ. ಎಟುಕುವ ಎತ್ತರದ ಜೇನನ್ನು ಮರವೇರಲಾರದ ಹುಲಿಗೆ ಬಿಡಬೇಕೆಂಬ ಮಾತು ಅವರಲ್ಲಿದೆ. ಯಾವ ಕುಲ ಯಾವ ನೆಲೆಗೆ ಹೊಣೆ ಎಂಬ ಲೆಕ್ಕದಿಂದಲೇ ಇಲ್ಲಿ ಭಕ್ತಿ ಆರಂಭವಾಗುತ್ತದೆ. ಶಿಬಿರದ ಕರಪತ್ರಗಳಲ್ಲಿ ಹೊಣೆಯ ಮಾತು ಕಾಣುವುದಿಲ್ಲ. ಶುಲ್ಕದ ಮಾತು ತಪ್ಪದೆ ಇರುತ್ತದೆ.

ಆ ಹೊಣೆಗಳಲ್ಲಿ ಮುಖ್ಯವಾದುದು ತರಗು ಬೆಂಕಿ. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿನ್ನೂ ತೇವವಿರುವಾಗಲೇ, ಉದುರಿದ ಎಲೆಗೆ ಸೋಲಿಗರು ಕಿರುಬೆಂಕಿ ಇಡುತ್ತಿದ್ದರು. ತರಗು ಸುಟ್ಟು ಹುಲ್ಲು ಚಿಗುರುತ್ತಿತ್ತು, ಮರಗಳು ಉಳಿಯುತ್ತಿದ್ದವು. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬೇಸಾಯ ನಿಂತಿತು, ಬೇಟೆ ನಿಂತಿತು, ಬೆಂಕಿಯೂ ನಿಂತಿತು. ಅನಂತರ ಲಂಟಾನ ಎದೆಯೆತ್ತರಕ್ಕೆ ಬೆಳೆದು ಕಾಡಿನ ತಳವನ್ನೆಲ್ಲ ಆವರಿಸಿತು. ‘ಉಪ್ಪಿಲು’ ಎಂದು ಸೋಲಿಗರು ಕರೆಯುವ ಬಂದಳಿಕೆ ನೆಲ್ಲಿಯ ಮರಗಳನ್ನು ಹೀರತೊಡಗಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಹಿರಿಯ ಸೋಲಿಗರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಬೆಂಕಿ ಕಾಡಿನ ಶತ್ರುವೆಂಬುದು ಅಧಿಕಾರಿಗಳ ವಾದ. ಕಡುಬೇಸಿಗೆಯಲ್ಲಿ, ಒಣಗಿದ ಲಂಟಾನದ ಪೊದೆಯನ್ನೇರಿ ಮರದ ನೆತ್ತಿಗೆ ಹಬ್ಬುವ ಕಾಳ್ಗಿಚ್ಚಿನ ಮಟ್ಟಿಗೆ ಆ ವಾದ ನಿಜ. ಆದರೆ ಅಂಥ ಕಿಚ್ಚಿಗೆ ಸೌದೆ ಕೂಡಿಟ್ಟವರಾರು? ತರಗು ಬೆಂಕಿಯನ್ನೂ ಕಾಳ್ಗಿಚ್ಚನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿಜ್ಞಾನವೂ ಅಲ್ಲ, ವಿವೇಕವೂ ಅಲ್ಲ.

2006ರಲ್ಲಿ ಮಾರಾಟಕ್ಕಾಗಿ ಜೇನು, ನೆಲ್ಲಿ, ಪಾಚಿ ಸಂಗ್ರಹಿಸುವುದನ್ನೂ ಇಲ್ಲಿ ನಿಷೇಧಿಸಲಾಯಿತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿದ್ದು ವಿಪರ್ಯಾಸ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. ಹುಲಿಯ ಹೆಸರಿನಲ್ಲಿ ಘೋಷಿಸಲಾದ ಕಾಡಿನಲ್ಲಿ ಇಂಥ ಮನ್ನಣೆ ದೊರೆತದ್ದು ಸಣ್ಣ ಗೆಲುವಲ್ಲ. ಆದರೂ ಅಭಯಾರಣ್ಯದಲ್ಲಿ ಬೆಂಕಿಯಿಡುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೇ. ದೇವರ ನೆಲೆಯನ್ನು ಪೂಜಿಸಲು ಹಕ್ಕುಂಟು, ಆ ನೆಲೆಯ ಸುತ್ತಲ ಕಾಡನ್ನು ಹಿರಿಯರಂತೆ ಕಾಯಲು ಇಲ್ಲ!

ಸೋಲಿಗರು ಕಾಡಿನಲ್ಲಿ ತಪ್ಪನ್ನೇ ಮಾಡದ ಋಷಿಗಳೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅವರೂ ಹಾಗೆಂದು ಹೇಳಿಕೊಂಡಿಲ್ಲ. ಅವರು ಕೇಳುತ್ತಿರುವುದು ತಮ್ಮ ತಿಳಿವಳಿಕೆಯನ್ನು ಪರೀಕ್ಷಿಸಿ ನೋಡುವ ಅವಕಾಶವನ್ನು. ಅರಣ್ಯ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಆ ಅಧಿಕಾರದ ಅಡಿಯಲ್ಲಿ ಕೆಲವು ಯೆಲ್ಲೆಗಳನ್ನು ಗುರುತಿಸಿ, ಇಲಾಖೆಯ ಸಮ್ಮುಖದಲ್ಲಿಯೇ, ಹಿರಿಯರು ಹೇಳುವ ಕಾಲದಲ್ಲಿ ತರಗು ಬೆಂಕಿಗೆ ಅನುಮತಿ ನೀಡಲಿ. ನಿಸರ್ಗದೊಡನೆ ಒಂದಾಗಬಯಸುವ ಶಿಬಿರಾರ್ಥಿಗಳೂ ಆಗ ಬರಲಿ: ಬೆಂಕಿಯ ಅಂಚನ್ನು ಕಾಯಲು, ಲಂಟಾನದ ಬೇರು ಕೀಳಲು ಕೈಗಳು ಬೇಕಾಗುತ್ತವೆ.