ಗಾಜಿನ ತೊಟ್ಟಿಯಲ್ಲಿ ಬೆಳೆದ ಹವಳ

ಈ ಸಲ ನಮ್ಮ ಕೈಯಿಂದಲೇ ಆಗಲಿದ್ದ ಒಂದು ಅನಾಹುತವನ್ನು ವಾಚಕ ಬಂಧುಗಳ ಮುಂದಿಡುತ್ತೇವೆ.

ಸೊಲ್ಲಾಪುರದ ನಮ್ಮ ಮಗಳ ಮನೆಯ ಪಡಸಾಲೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಿದೆ. ಮೊಮ್ಮಗನ ಹವ್ಯಾಸ. ಮೀನನ್ನು ಗಾಜಿನೊಳಗೆ ಇಡುವುದು ನಮಗೆ ಒಪ್ಪಿಗೆಯಿಲ್ಲ. ಅದು ಬೇರೆ ಮಾತು. ಕಳೆದ ಚಾತುರ್ಮಾಸದಲ್ಲಿ ಹೋದಾಗ ತೊಟ್ಟಿಯ ಕಲ್ಲಿನ ಮೇಲೆ ಅಂಗಿಯ ಗುಂಡಿಯಂತಹ ಕಂದು ಬಿಲ್ಲೆಗಳು ಎದ್ದಿದ್ದವು. ಯಾರೂ ತಂದಿಟ್ಟದ್ದಲ್ಲ, ಕಲ್ಲಿನ ಜೊತೆಗೇ ಬಂದದ್ದು.

"ಅಪ್ಪಾಜಿ, ಇದು ದಿನಾ ಹೆಚ್ಚಾಗಾಕತ್ತೈತ್ರಿ" ಎಂದಳು ಮಗಳು.

"ಕಲ್ಲು ಹೊರಗ ತಗದು ಒಂದು ತಪೇಲಿ ಕುದಿನೀರು ಸುರುವು, ತಿಕ್ಕಿ ತೊಳಿ" ಎಂದೆವು. ಒಲೆಯ ಮೇಲೆ ನೀರೂ ಏರಿತು. ಮೊಮ್ಮಗ ಅಡ್ಡ ಬಂದ. "ಅಜ್ಜಾ, ಕುಡಿಯೋ ನೀರು ಸೋಸತೀರಿ. ಇದು ಯಾವ ಜೀವ ಅಂತ ನೋಡಲಾರದ ಸುಡತೀರೇನು?"

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪತ್ರಿಕೆ ಓದುವ ಭೂತಗನ್ನಡಿ ಹಿಡಿದು ಗಾಜಿನ ಹೊರಗಿನಿಂದಲೇ ನೋಡಲು ಕುಳಿತೆವು. ಹಗಲು ಅರಳಿದಾಗ ಒಮ್ಮೆ, ರಾತ್ರಿ ದೀಪ ಆರಿಸಿ ಮುಚ್ಚಿಕೊಂಡಾಗ ಬ್ಯಾಟರಿ ಬೆಳಕಿನಲ್ಲಿ ಇನ್ನೊಮ್ಮೆ. ಗಟ್ಟಿ ಹವಳವಾದರೆ ಮುಚ್ಚಿಕೊಂಡಾಗ ಸುಣ್ಣದ ಬಟ್ಟಲಿನ ಅಂಚು ಕಾಣುತ್ತದೆ, ಇಲ್ಲಿ ಕಾಣಲಿಲ್ಲ. ಮೆತ್ತನೆಯ ಹವಳಕ್ಕೆ ಗರಿಯಂತಹ ಎಂಟು ತೋಳು. ಇಲ್ಲಿ ಗಿಡ್ಡ ತೋಳುಗಳು ಬಿಲ್ಲೆಯ ಅಂಚಿಗೆ ಎರಡು ಸಾಲಾಗಿ ಬಹಳ ಇದ್ದವು. ಐಪ್ಟೇಸಿಯಾ ಎಂಬ ಕಳೆ ಬಿಡಿಬಿಡಿಯಾಗಿ ನಿಲ್ಲುತ್ತದೆ, ತೋಳು ಉದ್ದ, ತುದಿ ಚೂಪು, ತುಂಡು ಮಾಡಿದರೆ ತುಂಡೂ ಬೆಳೆಯುತ್ತದೆ. ನಮ್ಮವು ಬುಡದಲ್ಲಿ ಒಂದೇ ಚರ್ಮದಿಂದ ಕೂಡಿಕೊಂಡಿದ್ದವು, ಮೈಯಲ್ಲಿ ಮರಳಿನ ಕಣ ಹುದುಗಿತ್ತು. ಆ ಮರಳೇ ಗುರುತು ಹೇಳಿತು. ಪ್ಯಾಲಿಥೋವಾ ಜಾತಿಯ ಗುಂಡಿ ಹವಳ.

ಗುರುತು ಸಿಕ್ಕ ಮೇಲೆ ನಮ್ಮ ಎದೆ ನಡುಗಿತು. ಈ ಜಾತಿಯ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ಒಬ್ಬರು ಇಂತಹುದೇ ಕಂದು ಗುಂಡಿಗಳ ಮೇಲೆ ಕುದಿನೀರು ಸುರಿದು, ಆ ಹಬೆ ಉಸಿರಿಗೆ ಹೋಗಿ ಆಸ್ಪತ್ರೆ ಸೇರಿದರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಸ್ಟೀವೆಂಟನ್ ಹಳ್ಳಿಯಲ್ಲಿ 2018ರ ಮಾರ್ಚಿನಲ್ಲಿ ಒಂದು ಮನೆಯ ತೊಟ್ಟಿಯ ಹವಳದಿಂದ ವಿಷ ಹರಡಿ, ಸಹಾಯಕ್ಕೆ ಬಂದವರೂ ಸೇರಿ ಹತ್ತು ಜನ ಆಸ್ಪತ್ರೆ ಕಂಡರು. ಉಸಿರು ಕಟ್ಟುವುದು, ಜ್ವರ, ಕಣ್ಣುರಿ, ಮೈಕೈ ನೋವು ಇದರ ಲಕ್ಷಣ. ವಿಷವಿದ್ದದ್ದೂ ಇಲ್ಲದ್ದೂ ಕಣ್ಣಿಗೆ ಒಂದೇ ತರಹ. ಆದ್ದರಿಂದ ಕುದಿಸಬಾರದು, ಬ್ರಶ್ ಹಾಕಬಾರದು, ಬರಿಗೈ ಇಡಲೇಬಾರದು, ಕೈಗೆ ಗಾಯವಿದ್ದರಂತೂ ಹತ್ತಿರ ಹೋಗಬಾರದು.

ಗಟ್ಟಿ ಹವಳವಾಗಿದ್ದರೆ ಇನ್ನೊಂದು ತೊಡಕು. ದಿಬ್ಬ ಕಟ್ಟುವ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲಿದೆ. ಅದರ ವ್ಯಾಪಾರ ಅಪರಾಧ. ಕಲ್ಲು ಮಾರಿದ ಅಂಗಡಿಯವ ಇದಾವುದನ್ನೂ ಹೇಳಿರಲಿಲ್ಲ. ತಾನು ಮಾರುವ ಸರಕು ಏನೆಂದು ತಿಳಿಯದವ ಅಂಗಡಿ ಯಾಕೆ ತೆರೆಯಬೇಕು?

ನಮ್ಮ ಶಾಸ್ತ್ರಗಳು ಹವಳವನ್ನು ಪೃಥ್ವೀಕಾಯದಲ್ಲಿ ಎಣಿಸಿವೆ. ಕೊರಳ ಸರದಲ್ಲಿ ಹವಳ ಕಂಡವರು ನಾವು, ಬಾಯಿ ತೆರೆದು ಉಣ್ಣುವ ಹವಳವನ್ನು ಕಂಡದ್ದು ಇದೇ ಮೊದಲು. ಅದಕ್ಕೆ ಇಂದ್ರಿಯ ಎಷ್ಟೆಂದು ಮುನಿಮಹಾರಾಜರನ್ನು ಕೇಳಬೇಕು. ಕುದಿನೀರು ಅದಕ್ಕೆ ನೋವೆಂಬುದನ್ನು ಯಾರನ್ನೂ ಕೇಳಬೇಕಾಗಿಲ್ಲ.

ಮೊಮ್ಮಗ ಉದ್ದನೆಯ ರಬ್ಬರು ಕೈಚೀಲ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಕಲ್ಲನ್ನು ತಿಕ್ಕದೆ ಬೇರೊಂದು ಸಣ್ಣ ತೊಟ್ಟಿಗೆ ಸರಿಸಿ ಮುಚ್ಚಳ ಹಾಕಿದ. ಒಲೆಯ ಮೇಲಿನ ನೀರನ್ನು ಮಗಳು ಆರಿಸಿ, ಮರುದಿನ ಕುಡಿಯಲು ಇಟ್ಟಳು.