ಮೂರು ಮಾತ್ರೆಗೂ ಬಗ್ಗದ ಬಿಪಿ

ಬಿಪಿ ಇರುವವರು ಡಾಕ್ಟರ ಮುಂದೆ ಕೂತರೆ ಉಪ್ಪಿನ ಮಾತು ಬರುತ್ತದೆ, ಹಪ್ಪಳ-ಉಪ್ಪಿನಕಾಯಿಯ ಮಾತು ಬರುತ್ತದೆ, ಟೆನ್ಷನ್ ಮಾತಂತೂ ಬಂದೇ ಬರುತ್ತದೆ. ಗೊರಕೆಯ ಮಾತು ಮಾತ್ರ ಅಪರೂಪ. ಬಂದರೂ ಜೊತೆಗೆ ಬಂದ ಹೆಂಡತಿಯ ದೂರಾಗಿ ಬಂದು ನಗೆಯಲ್ಲಿ ಮುಗಿದುಹೋಗುತ್ತದೆ.

ಜೋರು ಗೊರಕೆ ಥಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡು ಸದ್ದೇ ಇಲ್ಲದೆ, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾದರೆ ಸ್ಲೀಪ್ ಅಪ್ನಿಯಾ ಇರಬಹುದೆಂದು ಅನುಮಾನಿಸಬೇಕು. ಸಡಿಲಗೊಂಡ ಗಂಟಲು ಕುಸಿದು ಉಸಿರಿನ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಮಲಗಿದವನನ್ನು ಅರೆ ಎಚ್ಚರಕ್ಕೆ ಎಳೆಯುತ್ತದೆ, ಬಿಪಿ ಜಿಗಿಯುತ್ತದೆ. ಕಾಯಿಲೆ ತೀವ್ರವಾಗಿದ್ದರೆ ಹೀಗೆ ಗಂಟೆಗೆ 30 ಸಲಕ್ಕೂ ಹೆಚ್ಚು. ರಾತ್ರಿ ತಾನಾಗಿ ಇಳಿಯಬೇಕಾದ ಬಿಪಿ ಇಳಿಯುವುದಿಲ್ಲ, ಹಗಲಲ್ಲೂ ಏರಿಯೇ ಇರುತ್ತದೆ. ಬೆಳಿಗ್ಗೆ ಎದ್ದವನಿಗೆ ಇದ್ಯಾವುದೂ ನೆನಪಿರುವುದಿಲ್ಲ.

2001ರಲ್ಲಿ ಕೆನಡಾದ ಟೊರಾಂಟೊದ ವೈದ್ಯರು ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬಾರದ 41 ಜನರ ನಿದ್ದೆಯನ್ನು ಪರೀಕ್ಷಿಸಿದರು. ಶೇ 83ರಷ್ಟು ಮಂದಿಗೆ ಅಪ್ನಿಯಾ ಇತ್ತು. ಚಿಕ್ಕ ಗುಂಪು, ನಿಜ. ಆದರೂ ಆ ಪ್ರಮಾಣವನ್ನು ಕಂಡೂ ಕಾಣದಂತೆ ಇರುವುದು ಕಷ್ಟ.

ಹಾಗಾದರೆ ಬಿಪಿ ಇರುವ ಎಲ್ಲರಿಗೂ ನಿದ್ದೆಯ ಪರೀಕ್ಷೆ ಮಾಡಿಸಬೇಕೆ? ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 21 ಮಂದಿಗೆ ಬಿಪಿ ಹೆಚ್ಚಿದೆ. ಇಷ್ಟು ಜನರನ್ನು ವೈರು ಅಂಟಿಸಿ ಮಲಗಿಸಲು ಹಾಸಿಗೆ ಎಲ್ಲಿಂದ ತರುವುದು? ಪತ್ತೆಯಾದವರೆಲ್ಲರಿಗೂ ಲಾಭ ಖಚಿತವೂ ಅಲ್ಲ. ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಹೃದ್ರೋಗ ಅಥವಾ ಪಾರ್ಶ್ವವಾಯು ಆಗಿದ್ದವರಿಗೆ ಕೊಟ್ಟು ನೋಡಿದ ದೊಡ್ಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. 2,717 ಜನ ಅದರಲ್ಲಿದ್ದರು. ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅವರು ಯಂತ್ರ ಹಾಕಿಕೊಂಡದ್ದಾದರೂ ರಾತ್ರಿಗೆ ಸರಾಸರಿ 3.3 ಗಂಟೆ. ಮೂಗಿಗೆ ಪಟ್ಟಿ ಬಿಗಿದುಕೊಂಡು ಮಲಗಿ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಹಟಮಾರಿ ಬಿಪಿಯ ಲೆಕ್ಕ ಬೇರೆ. 2013ರಲ್ಲಿ ಸ್ಪೇನ್‌ನಲ್ಲಿ ಅಂಥ 194 ಜನರ ಮೇಲೆ ನಡೆದ ಪ್ರಯೋಗದಲ್ಲಿ ಸಿಪ್ಯಾಪ್‌ನಿಂದ ದಿನದ ಸರಾಸರಿ ಒತ್ತಡ ಸುಮಾರು 3 ಮಿ.ಮೀ. ಇಳಿಯಿತು, ಹೆಚ್ಚು ಹೊತ್ತು ಬಳಸಿದವರಲ್ಲಿ ಇನ್ನಷ್ಟು. ನಾಲ್ಕನೆಯ ಮಾತ್ರೆ ಬರೆಯುವ ಮುನ್ನ ನಿದ್ದೆಯ ಪರೀಕ್ಷೆ ಬರೆಯಲು ಇಷ್ಟು ಸಾಕು. ಉಳಿದವರಿಗೆ ಮೊದಲು ಪ್ರಶ್ನೆ ಕೇಳಿದರಾಯಿತು: ಗೊರಕೆ ಉಂಟೆ, ಹಗಲು ತೂಕಡಿಕೆಯೆ, ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೆ? ಟೊರಾಂಟೊದಲ್ಲೇ ರೂಪುಗೊಂಡ ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಗೆ ಬೇಕಾಗುವುದು ತೂಕದ ಯಂತ್ರ ಮತ್ತು ಎತ್ತರ, ಕತ್ತು ಅಳೆಯುವ ಟೇಪು, ಅಷ್ಟೆ.

ಆದರೆ ಆ ಪಟ್ಟಿಯಲ್ಲಿ ಗಂಡಸಾಗಿರುವುದಕ್ಕೇ ಒಂದು ಅಂಕ. ಮುಟ್ಟು ನಿಂತ ಮೇಲೆ ಅಪ್ನಿಯಾದ ಅಪಾಯ ಹೆಚ್ಚುವ ಹೆಂಗಸರು ಹೇಳಿಕೊಳ್ಳುವುದು ಗೊರಕೆಗಿಂತ ಸುಸ್ತು, ಬೆಳಗಿನ ತಲೆನೋವು, ನಿದ್ದೆ ಬಾರದ ಸಂಕಟ. ಅದಕ್ಕೆ ಸಿಗುವುದು ಕಬ್ಬಿಣದ ಮಾತ್ರೆ, ಇಲ್ಲವೇ ವಯಸ್ಸಾಯಿತೆಂಬ ಸಮಾಧಾನ. ಒಬ್ಬರೇ ಮಲಗುವವರಾದರೆ ಉಸಿರು ನಿಂತದ್ದನ್ನು ಕಂಡವರೂ ಇರುವುದಿಲ್ಲ. ಇಂಥವರ ಬಿಪಿ ಮೂರು ಮಾತ್ರೆಗೂ ಬಗ್ಗದಿದ್ದರೆ ಪಟ್ಟಿಯ ಅಂಕ ಎಷ್ಟೇ ಬರಲಿ, ಮನೆಯಲ್ಲೇ ಬೆರಳಿಗೆ, ಮೂಗಿಗೆ ಸಿಕ್ಕಿಸಿಕೊಂಡು ಮಲಗುವ ಚಿಕ್ಕ ಯಂತ್ರದಿಂದಲಾದರೂ ಒಂದು ರಾತ್ರಿ ಪರೀಕ್ಷಿಸಬೇಕು.